ಕಡಲು ಮೊದಲು, ಕಾಡು ಆಮೇಲೆ

ಅಂಡಮಾನ್ ಪ್ರವಾಸ ಅಂದಕೂಡಲೇ ಹೆಚ್ಚಿನವರು ಮೊದಲು ನೋಡುವುದು ವಿಮಾನದ ದರ, ಆಮೇಲೆ ಹೋಟೆಲು. ಸ್ಕೂಬಾ ಡೈವಿಂಗ್ ಮಾಡುವ ಆಸೆ ಇದ್ದರೆ ಇವೆರಡಕ್ಕೂ ಮುಂಚೆ ಒಂದು ಲೆಕ್ಕ ಹಾಕಿಕೊಳ್ಳಬೇಕು. ಕೊನೆಯ ಡೈವ್ ಮುಗಿಸಿ ದಡಕ್ಕೆ ಬಂದಮೇಲೆ ವಾಪಸು ವಿಮಾನಕ್ಕೆ ಎಷ್ಟು ಗಂಟೆ ಬಾಕಿ ಇರುತ್ತದೆ? ಒಂದೇ ಸಲ ನೀರಿಗಿಳಿದವರು ಕನಿಷ್ಠ 12 ಗಂಟೆ, ದಿನಕ್ಕೆರಡರಂತೆ ಹಲವು ದಿನ ಇಳಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಎಷ್ಟೋ ಡೈವ್ ಶಾಲೆಗಳು ಎಲ್ಲರಿಗೂ 24 ಗಂಟೆ ಎಂದೇ ಹೇಳುತ್ತವೆ, ಹಾಗೆ ಪಾಲಿಸುವುದೇ ಕ್ಷೇಮ. ಈ ನಿಯಮವನ್ನು ಒಪ್ಪಿಕೊಂಡರೆ ಪ್ರವಾಸದ ಕ್ರಮ ತಾನಾಗಿಯೇ ಗೊತ್ತಾಗುತ್ತದೆ. ಡೈವಿಂಗ್ ಮೊದಲಿಗೆ, ಕಾಡು ಸುತ್ತುವುದು ಕೊನೆಗೆ.

ನಮ್ಮ ಮನೆಯಲ್ಲಿ ಪತ್ನಿಗೆ ಕಡಲಿನ ಹುಚ್ಚು, ನನಗೆ ಹಕ್ಕಿಗಳದು. ಇಬ್ಬರ ಆಸೆಯೂ ಒಂದೇ ರಜೆಯಲ್ಲಿ ತೀರಬೇಕೆಂದರೆ ನಮ್ಮ ದೇಶದಲ್ಲಿ ಅಂಡಮಾನ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಡೈವಿಂಗ್ ಆದಮೇಲೆ ಕಾಯಲೇಬೇಕಾದ ಆ ಒಂದು ದಿನವನ್ನು ಹಲವರು ಹೋಟೆಲಿನ ಕೋಣೆಯಲ್ಲಿ, ಇಲ್ಲವೇ ಪೇಟೆಯಲ್ಲಿ ಕಳೆದುಬಿಡುತ್ತಾರೆ. ದಕ್ಷಿಣ ಅಂಡಮಾನ್‌ನ ಹಕ್ಕಿಗಳನ್ನು ನೋಡಲು ಬೇಕಾದಷ್ಟು ಹೊತ್ತು ಅದರಲ್ಲೇ ಇದೆ. ಗಂಡ ಹೆಂಡತಿ ಇಬ್ಬರೇ, ಟೂರ್ ಪ್ಯಾಕೇಜಿನ ಹಂಗಿಲ್ಲದೆ ಹೋಗುವುದಾದರೆ ಯಾವುದನ್ನು ಯಾವಾಗ ಮಾಡಬೇಕು, ಏಕೆ ಹಾಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಯಾವ ತಿಂಗಳು, ಯಾವ ತಿಥಿ

ನೈರುತ್ಯ ಮುಂಗಾರು ಕೇರಳವನ್ನು ಮುಟ್ಟುವ ಮೊದಲೇ ಅಂಡಮಾನ್‌ಗೆ ಇಳಿದಿರುತ್ತದೆ. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗಾಳಿ, ಅಲೆ. ನವೆಂಬರ್, ಡಿಸೆಂಬರ್‌ನಲ್ಲಿ ಈಶಾನ್ಯ ಮಾರುತದ ಮಳೆಯ ಜೊತೆಗೆ ಬಂಗಾಳ ಕೊಲ್ಲಿಯ ಚಂಡಮಾರುತಗಳ ಭಯ. ಕಡಲು ಶಾಂತವಾಗಿ, ನೀರು ತಿಳಿಯಾಗಿ ಇರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಚಳಿಗಾಲಕ್ಕೆ ಉತ್ತರದಿಂದ ಬರುವ ವಲಸೆ ಹಕ್ಕಿಗಳು ಮಾರ್ಚ್‌ವರೆಗೂ ಇರುತ್ತವೆ. ಕಡಲು, ಹಕ್ಕಿ ಎರಡೂ ಬೇಕೆನ್ನುವವರಿಗೆ ಫೆಬ್ರವರಿ, ಮಾರ್ಚ್ ಸರಿ. ಡಿಸೆಂಬರ್ ಕೊನೆಯ ವಾರದ ನೂಕುನುಗ್ಗಲಿನಲ್ಲಿ ಎಲ್ಲದಕ್ಕೂ ದುಬಾರಿ ತೆತ್ತು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ತಿಂಗಳು ಗೊತ್ತಾದ ಮೇಲೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ನೋಡಿ. ಕಡಲಿನ ಉಬ್ಬರ ಇಳಿತ ಚಂದ್ರನನ್ನು ಹಿಡಿದು ನಡೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರಕ್ಕೂ ಇಳಿತಕ್ಕೂ ಅಂತರ ಹೆಚ್ಚು. ಇಲ್ಲಿ ಅದು ಸುಮಾರು ಎರಡು ಮೀಟರ್ ಆಗುತ್ತದೆ. ಅಷ್ಟು ನೀರು ಆರು ಗಂಟೆಯಲ್ಲಿ ಬಂದು ಹೋಗಬೇಕಾದ್ದರಿಂದ ದ್ವೀಪಗಳ ನಡುವಿನ ಸೆಳೆತವೂ ಜೋರು. ಅಷ್ಟಮಿಯ ಹೊತ್ತಿಗೆ ಅಂತರ ಕಡಿಮೆ, ಸೆಳೆತವೂ ಮೆದು. ಹೊಸದಾಗಿ ಕಲಿಯುವವರು ಡೈವಿಂಗ್ ದಿನಗಳನ್ನು ಅಷ್ಟಮಿಯ ಹತ್ತಿರ ಇಟ್ಟುಕೊಂಡರೆ ಮೈಗೂ ಮನಸ್ಸಿಗೂ ಹಗುರ. ರಾತ್ರಿ ಕಯಾಕ್‌ನಲ್ಲಿ ಹೋಗಿ ನೀರು ಮಿನುಗುವುದನ್ನು ನೋಡಬೇಕೆಂದರೆ ಮಾತ್ರ ಅಮಾವಾಸ್ಯೆಯ ಕತ್ತಲು ಬೇಕು. ಹುಟ್ಟು ಹಾಕಿದಾಗ ಅಲುಗಿದ ನೀರಿನಲ್ಲಿ ಅತಿಸೂಕ್ಷ್ಮ ಪ್ಲವಕಜೀವಿಗಳು ಹೊರಡಿಸುವ ನೀಲಿ ಬೆಳಕು ಅದು; ತಿಂಗಳ ಬೆಳಕಿದ್ದರೆ ಕಾಣುವುದೇ ಇಲ್ಲ.

ಇನ್ನು ಗಡಿಯಾರ. ಬೆಂಗಳೂರು ಪೂರ್ವ ರೇಖಾಂಶ 77.6 ಡಿಗ್ರಿಯಲ್ಲಿದ್ದರೆ ಪೋರ್ಟ್ ಬ್ಲೇರ್ 92.7ರಲ್ಲಿದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಹಾಗಾಗಿ ಅಲ್ಲಿ ಸೂರ್ಯ ನಮಗಿಂತ ಹೆಚ್ಚು ಕಡಿಮೆ ಒಂದು ಗಂಟೆ ಮೊದಲೇ ಹುಟ್ಟಿ, ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಗಡಿಯಾರ ಮಾತ್ರ ಭಾರತದ್ದೇ. ಬೆಳಿಗ್ಗೆ ಆರೂವರೆಗೆ ಹಕ್ಕಿ ನೋಡಲು ಹೊರಟರೆ ಆಗಲೇ ಬಿಸಿಲೇರಿರುತ್ತದೆ. ಸಂಜೆ ಆರಕ್ಕೆ ಕತ್ತಲೆ. ಟ್ಯಾಕ್ಸಿಯವರಿಗೆ ಹಿಂದಿನ ದಿನವೇ ನಾಲ್ಕೂವರೆಗೆ ಬರಲು ಹೇಳಿಡಿ.

ಹೊರಡುವ ಮೊದಲೇ ಮುಗಿಸಬೇಕಾದ್ದು

ಸ್ಕೂಬಾದಲ್ಲಿ ಎರಡು ದಾರಿ ಇವೆ. ಮೊದಲನೆಯದು, ಈಜೇ ಬಾರದವರೂ ಮಾಡಬಹುದಾದ ಪರಿಚಯದ ಡೈವ್. ತರಬೇತುದಾರ ಹಿಂದಿನಿಂದ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾನೆ, ಉಪಕರಣವನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ. 12 ಮೀಟರ್‌ಗಿಂತ ಕೆಳಗೆ ಹೋಗುವಂತಿಲ್ಲ; ವಾಸ್ತವದಲ್ಲಿ ಅದಕ್ಕಿಂತ ತುಂಬ ಮೇಲೆಯೇ ಇರುತ್ತೀರಿ. ಎರಡನೆಯದು ಪಾಡಿ, ಎಸ್‌ಎಸ್‌ಐ ಮುಂತಾದ ಸಂಸ್ಥೆಗಳ ಓಪನ್ ವಾಟರ್ ಕೋರ್ಸು. ಪಾಠ, ಈಜುಕೊಳದ ಅಭ್ಯಾಸ, ಕಡಲಿನಲ್ಲಿ ನಾಲ್ಕು ಡೈವ್, ಒಟ್ಟು ಮೂರು ನಾಲ್ಕು ದಿನದ ಕೆಲಸ. ನಿಲ್ಲದೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ಪಾಸಾದರೆ ಜೊತೆಗಾರನೊಂದಿಗೆ 18 ಮೀಟರ್ ಆಳದವರೆಗೆ ಇಳಿಯಲು ಜಗತ್ತಿನ ಎಲ್ಲೆಡೆ ಪರವಾನಗಿ.

ಕೋರ್ಸನ್ನು ತುಂಡು ಮಾಡಿ ಮುಗಿಸುವ ಅವಕಾಶವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಪಾಠವನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಓದಿ, ಈಜುಕೊಳದ ಅಭ್ಯಾಸವನ್ನು ಬೆಂಗಳೂರಿನಲ್ಲಿ ಮುಗಿಸಿ, ಕಡಲಿನ ನಾಲ್ಕು ಡೈವ್‌ಗಳನ್ನು ಮಾತ್ರ ಅಂಡಮಾನ್‌ನಲ್ಲಿ ಮಾಡಬಹುದು. ರಜೆಯ ಒಂದೆರಡು ದಿನ ಉಳಿಯುತ್ತದೆ. ಆ ನಾಲ್ಕನ್ನೂ ನಮ್ಮ ನೇತ್ರಾಣಿಯಲ್ಲೇ ಮುಗಿಸಿಕೊಂಡು ಹೋದರೆ ಇನ್ನೂ ಉತ್ತಮ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ದ್ವೀಪದ ಸುತ್ತ ಅಕ್ಟೋಬರ್‌ನಿಂದ ಮೇವರೆಗೆ ಡೈವಿಂಗ್ ನಡೆಯುತ್ತದೆ. ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ. ಕಲಿಯುವ ಗಡಿಬಿಡಿಯೆಲ್ಲ ಇಲ್ಲೇ ಕಳೆದರೆ ಅಂಡಮಾನ್‌ನಲ್ಲಿ ಮೀಟರ್ ನೋಡುತ್ತ ಕೂರುವ ಬದಲು ಮೀನು ನೋಡಬಹುದು.

ಡೈವಿಂಗ್‌ಗೆ ಮುಂಚೆ ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆ, ಮಧುಮೇಹ, ಕಿವಿ ಅಥವಾ ಸೈನಸ್ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಕೇಳಿರುತ್ತದೆ. ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕುವುದು ಬಹಳ ಅಪಾಯಕರ. ಒಂದಕ್ಕೆ ‘ಹೌದು’ ಎಂದರೂ ವೈದ್ಯರ ಪತ್ರ ಬೇಕಾಗುತ್ತದೆ, ಆ ಪತ್ರ ಊರಿನಲ್ಲೇ ಸಿಗುವುದು ಸುಲಭ. ದ್ವೀಪಕ್ಕೆ ಹೋದಮೇಲೆ ಕಷ್ಟ. ಗರ್ಭಿಣಿಯರು ಸ್ಕೂಬಾ ಮಾಡಲೇಬಾರದು. ಶೀತ, ಮೂಗು ಕಟ್ಟಿದ್ದರೆ ಆ ದಿನ ಬಿಟ್ಟುಬಿಡಿ. ಮಾತ್ರೆ ನುಂಗಿ ಇಳಿದು, ಅದರ ಪ್ರಭಾವ ನೀರೊಳಗೇ ಇಳಿದುಹೋದರೆ ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಹೊರಗೆ ಬರಲಾರದೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ ಎಂದು ಓದಿ ನೋಡಿ, ಇಲ್ಲದಿದ್ದರೆ ಡೈವಿಂಗ್ ವಿಮೆ ಪ್ರತ್ಯೇಕವಾಗಿ ಮಾಡಿಸಿ.

ನೀರಿನ ಕೆಳಗೆ ಮೈಗೆ ಏನಾಗುತ್ತದೆ

ಇದನ್ನು ಅರ್ಥ ಮಾಡಿಕೊಂಡವರಿಗೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವಿರುವುದಿಲ್ಲ.

ನೆಲದ ಮೇಲೆ ನಮ್ಮ ಮೇಲಿರುವ ಗಾಳಿಯ ಒತ್ತಡ ಒಂದು ವಾತಾವರಣ. ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ವಾತಾವರಣ ಸೇರುತ್ತದೆ. 10 ಮೀಟರ್‌ನಲ್ಲಿ ಎರಡು, 20ರಲ್ಲಿ ಮೂರು, 30ರಲ್ಲಿ ನಾಲ್ಕು. ಒತ್ತಡ ಇಮ್ಮಡಿಯಾದರೆ ಗಾಳಿ ಅರ್ಧ ಜಾಗಕ್ಕೆ ಕುಗ್ಗುತ್ತದೆ. ಮೊದಲ 10 ಮೀಟರ್‌ನಲ್ಲೇ ಈ ಬದಲಾವಣೆ ಅತಿ ಹೆಚ್ಚು, ಆದ್ದರಿಂದ ಹೊಸಬರಿಗೆ ಕಿವಿ ನೋಯುವುದು ಆಳದಲ್ಲಲ್ಲ, ಮೇಲಿನ ಎರಡು ಮೂರು ಮೀಟರ್‌ನಲ್ಲೇ. ಮೂಗು ಹಿಡಿದು ಮೆಲ್ಲಗೆ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ಒತ್ತಡ ಸರಿಹೋಗುತ್ತದೆ. ನೋವು ಶುರುವಾಗುವ ಮೊದಲೇ, ಅಡಿ ಅಡಿಗೂ ಮಾಡಬೇಕು. ನೋವು ಬಂದಮೇಲೆ ಬಲವಾಗಿ ಊದಿದರೆ ಕಿವಿಗೆ ಪೆಟ್ಟು. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗಲಿಲ್ಲವೆಂದರೆ ಡೈವ್ ಅಲ್ಲಿಗೇ ಮುಗಿಸಿ.

ಮೇಲೆ ಬರುವಾಗ ಇದರ ತದ್ವಿರುದ್ಧ. 10 ಮೀಟರ್‌ನಲ್ಲಿ ತುಂಬ ಉಸಿರೆಳೆದುಕೊಂಡು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಇಮ್ಮಡಿ ಹಿಗ್ಗುತ್ತದೆ, ಶ್ವಾಸಕೋಶ ಹಿಗ್ಗಲಾರದೆ ಹರಿಯಬಹುದು. ಸ್ಕೂಬಾದಲ್ಲಿ ಮೊದಲ ಪಾಠ ‘ಉಸಿರು ಹಿಡಿಯಬೇಡ’ ಎಂಬುದಾಗಿರುವುದು ಅದಕ್ಕೇ. ಏನೇ ಗಾಬರಿಯಾದರೂ ಉಸಿರಾಡುತ್ತಲೇ ಇರಬೇಕು.

ಗಾಳಿಯ ಖರ್ಚಿನ ಲೆಕ್ಕವೂ ಒತ್ತಡದ್ದೇ. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಒಳಗೆ 2,400 ಲೀಟರ್ ಗಾಳಿ ಇದ್ದಂತೆ. 50 ಬಾರ್ ಮೀಸಲು ಬಿಟ್ಟರೆ ಉಳಿದದ್ದು 1,800. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 20 ಮೀಟರ್ ಆಳದಲ್ಲಿ 60 ಲೀಟರ್ ಬೇಕು. ಅಂದರೆ ಅರ್ಧ ಗಂಟೆ. ಅದೇ ಸಿಲಿಂಡರ್ 10 ಮೀಟರ್‌ನಲ್ಲಿ ಮುಕ್ಕಾಲು ಗಂಟೆ ಬರುತ್ತದೆ. ಕೈಕಾಲು ಬಡಿಯುವವರಿಗೆ ಇನ್ನೂ ಬೇಗ ಮುಗಿಯುತ್ತದೆ, ಹಾಯಾಗಿ ತೇಲುವವರಿಗೆ ಹೆಚ್ಚು ಹೊತ್ತು ಬಾಳುತ್ತದೆ.

ಕೊನೆಗೆ ಸಾರಜನಕ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ. ದೇಹಕ್ಕೆ ಅದರ ಉಪಯೋಗವಿಲ್ಲ, ಆದರೆ ಒತ್ತಡ ಹೆಚ್ಚಿದಾಗ ಅದು ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಮೂಲಕ ಹೊರಹೋಗುತ್ತದೆ. ಗಬಕ್ಕನೆ ಬಂದರೆ ಗೋಲಿ ಒತ್ತಿದ ಸೋಡಾದ ಹಾಗೆ ದೇಹದೊಳಗೇ ಗುಳ್ಳೆಯಾಗುತ್ತದೆ. ಕೀಲುನೋವು, ಚರ್ಮದ ತುರಿಕೆ, ಕೈಕಾಲು ಜೋಮು ಹಿಡಿಯುವುದು, ವಿಪರೀತ ಸುಸ್ತು ಇದರ ಲಕ್ಷಣಗಳು. ಅದಕ್ಕೇ ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏರಬಾರದು, 5 ಮೀಟರ್‌ನಲ್ಲಿ ಮೂರು ನಿಮಿಷ ನಿಂತು ಬರಬೇಕು. ದಡಕ್ಕೆ ಬಂದಮೇಲೂ ಸ್ವಲ್ಪ ಸಾರಜನಕ ಮೈಯಲ್ಲಿ ಉಳಿದೇ ಇರುತ್ತದೆ. ವಿಮಾನದೊಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟೇ. ಉಳಿದದ್ದು ಅಲ್ಲಿ ಗುಳ್ಳೆಗಟ್ಟಬಹುದು. 300 ಮೀಟರ್‌ಗಿಂತ ಎತ್ತರದ ಬೆಟ್ಟ ಹತ್ತುವುದಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಉತ್ತರ ಅಂಡಮಾನ್‌ನ ಸ್ಯಾಡಲ್ ಪೀಕ್ 730 ಮೀಟರ್ ದಾಟುತ್ತದೆ. ಡೈವ್ ಮುಗಿಸಿದ ದಿನವೇ ಅದರ ಯೋಚನೆ ಬೇಡ. ಊರಿಗೆ ಮರಳಿದ ಮೇಲೆ ಈ ಲಕ್ಷಣಗಳಲ್ಲಿ ಯಾವುದಾದರೂ ಕಂಡರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, ‘ನಾನು ಸ್ಕೂಬಾ ಮಾಡಿ ಬಂದಿದ್ದೇನೆ’ ಎಂಬುದು. ನೀವು ಹೇಳದೆ ಅವರಿಗೆ ಹೊಳೆಯುವ ವಿಷಯವಲ್ಲ ಅದು.

ಗಂಡ ಹೆಂಡತಿ ಜೊತೆಗಾರರಾದರೆ

ಸ್ಕೂಬಾದಲ್ಲಿ ಒಂಟಿಯಾಗಿ ಇಳಿಯುವುದಿಲ್ಲ, ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರಲೇಬೇಕು. ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರ ಸಿಲಿಂಡರಿನ ಹೆಚ್ಚುವರಿ ಬಾಯಿಕೊಳವೆಯಿಂದ ಉಸಿರಾಡುತ್ತ ಇಬ್ಬರೂ ಒಟ್ಟಿಗೆ ಮೇಲೆ ಬರುತ್ತಾರೆ. ದಂಪತಿ ಪರಸ್ಪರ ಜೊತೆಗಾರರಾಗುವುದು ಸಹಜ. ಆದರೆ ಅನುಭವ ಸಮನಾಗಿಲ್ಲದಿದ್ದರೆ ಬರೀ ಇಬ್ಬರೇ ಇಳಿಯಬೇಡಿ, ಡೈವ್ ಮಾಸ್ಟರ್ ಜೊತೆಗಿರಲಿ. ಅನುಭವಸ್ಥರು ಇನ್ನೊಬ್ಬರನ್ನು ನೋಡಿಕೊಳ್ಳುವ ಆತಂಕದಲ್ಲಿ ತಮ್ಮ ಗಾಳಿಯನ್ನೇ ಮರೆಯುವುದುಂಟು, ಹೊಸಬರು ಬೇಸರವಾಗಬಾರದೆಂದು ಕಿವಿನೋವನ್ನು ಹೇಳದೆ ಇಳಿಯುವುದುಂಟು. ಆಳ, ಸಮಯ ಎರಡನ್ನೂ ಕಡಿಮೆ ಅನುಭವದವರ ಅಳತೆಗೇ ಇಟ್ಟುಕೊಳ್ಳಬೇಕು. ಯಾರು ಯಾವ ಕ್ಷಣದಲ್ಲಿ ‘ಸಾಕು’ ಎಂದರೂ ಕಾರಣ ಕೇಳದೆ ಇಬ್ಬರೂ ಮೇಲೆ ಬರಬೇಕು. ಇದನ್ನು ದೋಣಿ ಹತ್ತುವ ಮೊದಲೇ ಮಾತಾಡಿಕೊಳ್ಳಿ.

ನೀರಿಗೆ ಹಾರುವ ಮೊದಲು ಜೊತೆಗಾರರು ಒಬ್ಬರ ಉಪಕರಣವನ್ನು ಇನ್ನೊಬ್ಬರು ಪರೀಕ್ಷಿಸುವ ಕ್ರಮವಿದೆ. ಗಾಳಿ ತುಂಬುವ ಜಾಕೆಟ್ ಉಬ್ಬುತ್ತದೆಯೇ, ಇಳಿಯುತ್ತದೆಯೇ, ತೂಕದ ಬೆಲ್ಟು ಬಿಗಿಯಾಗಿದೆಯೇ, ಬಕಲ್‌ಗಳು ಎಲ್ಲಿವೆ, ಸಿಲಿಂಡರ್ ತೆರೆದಿದೆಯೇ. ದೋಣಿ ಅಲುಗುತ್ತಿರುತ್ತದೆ, ಡೀಸೆಲ್ ಹೊಗೆ, ಎಲ್ಲರಿಗೂ ಆತುರ. ನನ್ನ ಪತ್ನಿ ಅಲ್ಲೂ ಬಿಡುವುದಿಲ್ಲ.

“ರೀ, ಗಾಳಿ ಎಷ್ಟಿದೆ?”

“ಇನ್ನೂರು.”

“ಮೀಟರ್ ನೋಡ್ತಾ ನಾಲ್ಕು ಸಲ ಉಸಿರಾಡಿ.”

ಹಾಗೆ ಉಸಿರಾಡುವಾಗ ಮುಳ್ಳು ಅಲುಗದೆ ನಿಲ್ಲಬೇಕು. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಮತ್ತೆ ಏರಿದರೆ ಸಿಲಿಂಡರಿನ ತಿರುಗಣೆ ಪೂರ್ತಿ ತೆರೆದಿಲ್ಲ ಎಂದರ್ಥ. ಮೇಲೆ ಉಸಿರು ಬರುತ್ತದೆ, ಆಳಕ್ಕೆ ಹೋದಾಗ ಸಾಲದೆ ಬರುತ್ತದೆ. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಬೇರೆಯವರು ಮಾಡಿದ್ದಾರೆಂದು ಬಿಡಬೇಡಿ.

ನೀರೊಳಗೆ ಮಾತಿಲ್ಲ, ಸನ್ನೆ ಮಾತ್ರ. ಹೆಬ್ಬೆರಳು ಮೇಲೆತ್ತಿದರೆ ‘ಭೇಷ್’ ಅಲ್ಲ, ‘ಮೇಲೆ ಹೋಗೋಣ’. ಎಲ್ಲ ಸರಿಯಿದ್ದರೆ ತೋರುಬೆರಳು ಹೆಬ್ಬೆರಳು ಸೇರಿಸಿ ಸುತ್ತು ತೋರಿಸಬೇಕು. ಸದ್ದು ನೀರಿನಲ್ಲಿ ಗಾಳಿಗಿಂತ ನಾಲ್ಕು ಪಟ್ಟಿಗೂ ವೇಗವಾಗಿ ಸಾಗುವುದರಿಂದ ಯಾವ ಕಡೆಯಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲ. ಸಿಲಿಂಡರ್ ಬಡಿದ ಸದ್ದು ಕೇಳಿದರೆ ಸುತ್ತಲೂ ತಿರುಗಿ ನೋಡಿ.

ಸ್ವರಾಜ್ ದ್ವೀಪದ ನೀರಿನಲ್ಲಿ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. 2024ರಲ್ಲಿ ಊರಿಗೆ ಶ್ರೀ ವಿಜಯ ಪುರಂ ಎಂದು ಹೆಸರು ಬದಲಾಯಿತು. ಹ್ಯಾವ್ಲಾಕ್ 2018ರಲ್ಲೇ ಸ್ವರಾಜ್ ದ್ವೀಪವಾಗಿದೆ, ನೀಲ್ ದ್ವೀಪ ಶಹೀದ್ ದ್ವೀಪ. ಜನರ ಬಾಯಲ್ಲಿ ಎರಡೂ ಇವೆ, ಟಿಕೆಟ್ ಕೊಳ್ಳುವಾಗ ಎರಡೂ ಗೊತ್ತಿರಲಿ. ಬಂದಿಳಿದ ದಿನವೇ ಮಧ್ಯಾಹ್ನದ ದೋಣಿ ಹಿಡಿದು ಸ್ವರಾಜ್ ದ್ವೀಪಕ್ಕೆ ಹೋಗಿಬಿಡಿ. ಖಾಸಗಿ ವೇಗದ ದೋಣಿಗೆ ಒಂದೂವರೆಯಿಂದ ಎರಡು ಗಂಟೆ, ಸರ್ಕಾರಿ ದೋಣಿಗೆ ಎರಡೂವರೆ. ಖಾಸಗಿಯದು ಗಾಜಿನೊಳಗಿನ ಎಸಿ ಕೋಣೆ. ಸರ್ಕಾರಿ ದೋಣಿಯ ಮೇಲಂತಸ್ತಿನಲ್ಲಿ ನಿಂತರೆ ಹಾರುವ ಮೀನು, ಕಡಲಹಕ್ಕಿ, ಅದೃಷ್ಟವಿದ್ದರೆ ಡಾಲ್ಫಿನ್ ಕಾಣುತ್ತವೆ. ನನ್ನ ಮತ ಸರ್ಕಾರಿ ದೋಣಿಗೇ. ದ್ವೀಪದಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ಕೈಯಲ್ಲಿ ನಗದು ಇರಲಿ. ಮುಂಜಾನೆ, ಮುಸ್ಸಂಜೆ ಮರಳಿನಲ್ಲಿ ಕೂತರೆ ಮರಳುನೊಣಗಳು ಕಡಿದು ವಾರಗಟ್ಟಲೆ ತುರಿಸುತ್ತದೆ.

ಕಲಿಯುವವರನ್ನು ಇಳಿಸುವುದು ನೀಮೋ ರೀಫ್‌ನಂಥ, ದಡದಿಂದಲೇ ನಡೆದು ಹೋಗುವ ಆಳವಿಲ್ಲದ ಜಾಗಗಳಲ್ಲಿ. ಲೈಟ್‌ಹೌಸ್, ಅಕ್ವೇರಿಯಂ ಎಂಬವು ಓಪನ್ ವಾಟರ್ ಮುಗಿಸಿದವರಿಗೆ ಒಗ್ಗುತ್ತವೆ. ಡಿಕ್ಸನ್ಸ್ ಪಿನಕಲ್, ಜಾನೀಸ್ ಗಾರ್ಜ್ ಆಳದವು, 30 ಮೀಟರ್‌ನ ಅಡ್ವಾನ್ಸ್‌ಡ್ ಪರವಾನಗಿ ಬೇಕು, ಸೆಳೆತವೂ ಇರುತ್ತದೆ. ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದ ಬ್ಯಾರನ್ ದ್ವೀಪ ದಕ್ಷಿಣ ಏಷ್ಯಾದ ಏಕೈಕ ಸಕ್ರಿಯ ಜ್ವಾಲಾಮುಖಿ. ಸುತ್ತಲಿನ ಕಪ್ಪು ಲಾವಾ ಇಳಿಜಾರುಗಳಲ್ಲಿ ಡೈವಿಂಗ್ ಅದ್ಭುತವೆಂದು ಹೆಸರಾಗಿದೆ, ಆದರೆ ಅದು ಪಳಗಿದವರ ಕೆಲಸ. ಮೊದಲ ಸಲ ಹೋಗುವ ದಂಪತಿ ಅದಕ್ಕೆ ಆಸೆಪಡದಿದ್ದರೆ ನಷ್ಟವೇನೂ ಇಲ್ಲ.

ನೀರೊಳಗೆ ಕೆಂಪು ಬಣ್ಣ ಐದಾರು ಮೀಟರ್‌ಗೇ ಮಾಯವಾಗುತ್ತದೆ, ಎಲ್ಲವೂ ನೀಲಿ ಬೂದು. ಟಾರ್ಚ್ ಬೆಳಕು ಬಿಟ್ಟಾಗ ಮಾತ್ರ ಹವಳದ ನಿಜವಾದ ಕೆಂಪು, ಕಿತ್ತಳೆ ಹೊರಬರುತ್ತದೆ. ಮುಖಗವಸಿನ ಗಾಜಿನಿಂದಾಗಿ ಎಲ್ಲವೂ ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ; ಮೀನಿನ ಗಾತ್ರ ಹೇಳುವಾಗ ಅಷ್ಟು ಕಳೆದುಬಿಡಿ.

ಹತ್ತು ಜಾಗಕ್ಕೆ ಈಜುವುದಕ್ಕಿಂತ ಒಂದು ಕಡಲಹೂವಿನ ಮುಂದೆ ಐದು ನಿಮಿಷ ತೇಲುವುದರಲ್ಲಿ ಹೆಚ್ಚು ಸಿಗುತ್ತದೆ. ಬೆರಳಿನಂಥ ವಿಷದ ಎಳೆಗಳ ನಡುವೆ ಮೈಮೇಲಿನ ಲೋಳೆಯ ರಕ್ಷಣೆಯಲ್ಲಿ ಕೋಡಂಗಿ ಮೀನುಗಳು ಓಡಾಡುತ್ತಿರುತ್ತವೆ. ಅವುಗಳಲ್ಲಿ ದೊಡ್ಡದು ಹೆಣ್ಣು, ಎರಡನೆಯದು ಅವಳ ಗಂಡು, ಉಳಿದ ಪುಟ್ಟವು ಸರದಿಗಾಗಿ ಕಾಯುವವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ, ಪುಟ್ಟವುಗಳಲ್ಲಿ ದೊಡ್ಡದು ಗಂಡಿನ ಸ್ಥಾನಕ್ಕೆ ಬರುತ್ತದೆ. ಬುಡದ ಬಂಡೆಯಲ್ಲಿ ಮೊಟ್ಟೆ ಇದ್ದರೆ ಗಂಡು ಮೀನು ಬಿಡುವಿಲ್ಲದೆ ರೆಕ್ಕೆಯಿಂದ ನೀರು ಬೀಸುತ್ತಿರುತ್ತದೆ. ಹತ್ತಿರ ಹೋದರೆ ಅಂಗೈಯಷ್ಟೂ ಇಲ್ಲದ ಮೀನು ನಿಮ್ಮ ಗಾಜಿಗೇ ಬಂದು ಢಿಕ್ಕಿ ಹೊಡೆಯುತ್ತದೆ.

ನಿಜಕ್ಕೂ ಕಚ್ಚುವ ಮೀನು ಬೇರೆ ಇದೆ, ಟೈಟನ್ ಟ್ರಿಗರ್ ಫಿಶ್. ಗೂಡು ಕಾಯುವಾಗ ಅದರ ಗಡಿ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ. ಅಟ್ಟಿಸಿಕೊಂಡು ಬಂದರೆ ಮೇಲಕ್ಕೆ ಹೋಗಬೇಡಿ, ಪಕ್ಕಕ್ಕೆ ಈಜಿ ಗಡಿ ದಾಟಿ. ಕಪ್ಪು ಬಿಳಿ ಪಟ್ಟೆಯ ಕಡಲಹಾವು ಅತಿ ವಿಷದ್ದಾದರೂ ಕೆಣಕದಿದ್ದರೆ ತನ್ನ ಪಾಡಿಗೆ ಹೋಗುತ್ತದೆ.

ಹವಳದ ವಿಷಯದಲ್ಲಿ ಸತ್ಯ ಹೇಳಬೇಕು. ಹಳೆಯ ಫೋಟೊಗಳಲ್ಲಿ ಇರುವಂಥ ಬಣ್ಣ ಎಲ್ಲೆಡೆ ಇಲ್ಲ. ಹವಳದ ಜೀವಿಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅದರ ಬಣ್ಣ ಮತ್ತು ಹೆಚ್ಚಿನ ಆಹಾರ. ಬೇಸಿಗೆಯ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಅಂಡಮಾನ್‌ನಲ್ಲಿ 2010ರಲ್ಲಿ, ಮತ್ತೆ 2016ರಲ್ಲಿ ಹೀಗಾಯಿತು. ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ನಿಮ್ಮ ಕಾಲಿನ ರೆಕ್ಕೆ ಒಂದು ಸಲ ತಾಗಿದರೆ ವರ್ಷಗಳ ಬೆಳವಣಿಗೆ ಮುರಿಯುತ್ತದೆ. ಆದ್ದರಿಂದ ಮುಳುಗದೆ ಏಳದೆ ಉಸಿರಿನಲ್ಲೇ ಸಮತೂಕ ಹಿಡಿಯುವುದನ್ನು ಕಲಿಸಿ ಎಂದು ತರಬೇತುದಾರರನ್ನು ಒತ್ತಾಯಿಸಿ. ಅದು ಬರುವ ತನಕ ಕ್ಯಾಮೆರಾ ಕೈಗೆತ್ತಿಕೊಳ್ಳಬೇಡಿ.

ಕಾಡಿಗೆ ಉಳಿಸಿದ ಹೊತ್ತು

ಕೊನೆಯ ಡೈವ್ ಬೆಳಿಗ್ಗೆ ಮುಗಿಸಿ, ಮಧ್ಯಾಹ್ನದ ದೋಣಿಗೆ ಪೋರ್ಟ್ ಬ್ಲೇರ್‌ಗೆ ಬನ್ನಿ. ವಿಮಾನಕ್ಕೆ ಮುಂಚೆ ಒಂದು ಪೂರ್ತಿ ದಿನ ಇಟ್ಟುಕೊಂಡರೆ ಒಂದು ಮುಂಜಾನೆ, ಒಂದು ಸಂಜೆ, ಮತ್ತೊಂದು ಮುಂಜಾನೆ ಸಿಗುತ್ತವೆ.

ಈ ದ್ವೀಪಗಳು ಮ್ಯಾನ್ಮಾರ್‌ನ ಅರಾಕಾನ್ ಯೋಮಾ ಪರ್ವತಸಾಲಿನ ಮುಂದುವರಿಕೆ, ಕಡಲಿನಿಂದ ಮೇಲೆ ಉಳಿದಿರುವ ಶಿಖರಗಳು. ಹಾಗಾಗಿ ಇಲ್ಲಿನ ಜೀವಿಗಳ ನಂಟು ನಮ್ಮ ಪಶ್ಚಿಮಘಟ್ಟಕ್ಕಿಂತ ಆಗ್ನೇಯ ಏಷ್ಯಾದ ಜೊತೆ ಹೆಚ್ಚು. ಹುಲಿ, ಚಿರತೆ, ಕಾಡೆಮ್ಮೆ ಇಲ್ಲಿಗೆ ತಾವಾಗಿ ಬಂದೇ ಇಲ್ಲ. ಹಾರಿ ಬಂದ ಹಕ್ಕಿಗಳು ಬೇರೆಯಾಗಿ ಉಳಿದು, ಬೇರೆಯದೇ ಪ್ರಭೇದಗಳಾದವು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಇಪ್ಪತ್ತಕ್ಕೂ ಹೆಚ್ಚು ಹಕ್ಕಿಗಳು ಇಲ್ಲಿವೆ. ನಮ್ಮ ಕಾಜಾಣ, ಮಟಪಕ್ಷಿ, ಕೆಂಬೂತ, ಶಾಮ, ಪಿಕಳಾರ, ಮರಕುಟಿಗ, ಪನ್ನಗಾರಿ ಎಲ್ಲದಕ್ಕೂ ಒಂದೊಂದು ಅಂಡಮಾನ್ ಸೋದರ ಪ್ರಭೇದವುಂಟು. ಊರಿನ ಹಕ್ಕಿ ಚೆನ್ನಾಗಿ ಗೊತ್ತಿದ್ದವರಿಗೆ ಇದರ ಸುಖ ದೊಡ್ಡದು, ಏಕೆಂದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲಿನ ಕೆಂಬೂತದ ತಲೆ ಮೈ ಕಪ್ಪಲ್ಲ, ಮಾಸಲು ಕಂದು.

ಮೊದಲ ಮುಂಜಾನೆ ಸಿಪ್ಪಿಘಾಟ್ ಕಡೆಗೆ ಹೋಗಿ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನ್ ಸುಮಾರು ಒಂದು ಮೀಟರ್ ಕುಸಿಯಿತು, ಉತ್ತರ ಅಂಡಮಾನ್ ಮೇಲೆದ್ದಿತು. ಉತ್ತರದಲ್ಲಿ ಹವಳದ ದಿಬ್ಬಗಳು ನೀರಿನಿಂದ ಹೊರಬಿದ್ದು ಒಣಗಿದವು. ಇಲ್ಲಿ ಗದ್ದೆಗಳಿಗೆ ಉಪ್ಪುನೀರು ನುಗ್ಗಿ ಮರಳಿ ಹೋಗಲೇ ಇಲ್ಲ. ಬೆಳೆ ಕಳೆದುಕೊಂಡ ರೈತರ ಆ ನೆಲ ಈಗ ಜೌಗು. ಒಣಗಿ ನಿಂತ ಮರದ ಬೊಡ್ಡೆಗಳ ಮೇಲೆ ಮಿಂಚುಳ್ಳಿ, ಕೆಸರಿನಲ್ಲಿ ವಲಸೆ ಬಂದ ಗೊರವಗಳು. ಬೆಳಕು ಹರಿಯುವ ಹೊತ್ತಿಗೆ ಅಂಡಮಾನ್ ಟೀಲ್ ಬಾತುಗಳನ್ನು ಹುಡುಕಿ. ಕಂದು ಬಾತು, ಕಣ್ಣಿನ ಸುತ್ತ ಬಿಳಿ ಉಂಗುರ. ಕೆಲವಕ್ಕೆ ಬರೀ ಉಂಗುರ, ಕೆಲವಕ್ಕೆ ಮುಖದ ತುಂಬ ಬಿಳಿ ಹರಡಿರುತ್ತದೆ. ಒಂದೇ ಗುಂಪಿನಲ್ಲಿ ಎರಡೂ ಬಗೆ ಇರುವುದರಿಂದ ಒಂದೊಂದನ್ನೇ ಗುರುತಿಟ್ಟು ನೋಡಬಹುದು. ರಸ್ತೆಯ ಅಂಚಿನಲ್ಲಿ, ವಾಹನದೊಳಗೇ ಕೂತು ನೋಡುವುದು ಒಳ್ಳೆಯದು, ಇಳಿದರೆ ಹಾರುತ್ತವೆ.

ಸಂಜೆಗೆ ಪೇಟೆಯಿಂದ ಸುಮಾರು 25 ಕಿಲೋಮೀಟರ್ ದಕ್ಷಿಣದ ಚಿಡಿಯಾ ಟಾಪು. ಸೂರ್ಯಾಸ್ತ ನೋಡುವವರ ಗುಂಪಿನಿಂದ ಹಿಂದೆ ಸರಿದು ಕಾಡಿನ ರಸ್ತೆಯಲ್ಲಿ ನಿಂತರೆ ಉದ್ದ ಬಾಲದ ಗಿಳಿಗಳು ಗುಂಪು ಗುಂಪಾಗಿ ತಲೆಯ ಮೇಲೆ ಹಾದುಹೋಗುತ್ತವೆ. ಕತ್ತಲಾದ ಮೇಲೆ ರಾತ್ರಿಹಕ್ಕಿಗಳ ಸರದಿ. ಚಿಟ್ಟುಗೂಬೆ, ಎರಡು ಬಗೆಯ ಬೇಟೆಗೂಬೆ, ನತ್ತಿಂಗ ಇಲ್ಲೇ ಕೇಳಸಿಗುತ್ತವೆ. ಸ್ಥಳೀಯ ಹಕ್ಕಿ ಮಾರ್ಗದರ್ಶಿಯನ್ನು ಮೊದಲೇ ಗೊತ್ತು ಮಾಡಿಕೊಂಡರೆ ಒಂದೇ ಸಂಜೆಯಲ್ಲಿ ಇವೆಲ್ಲ ಸಾಧ್ಯ. ಮೊಬೈಲಿನಲ್ಲಿ ಗೂಬೆಯ ದನಿ ಮತ್ತೆ ಮತ್ತೆ ಹಾಕಿ ಕರೆಸುವವರಿದ್ದಾರೆ. ಮರಿ ಮಾಡುವ ಕಾಲದಲ್ಲಿ ಹಕ್ಕಿಗೆ ಅದು ಹಿಂಸೆ, ಬೇಡವೆಂದು ಹೇಳಿ. ಕೆಂಪು ಕಣ್ಣಿನ ಒಂದು ಮಿಂಚು, ಒಂದು ಕೂಗು ಸಿಕ್ಕರೂ ಸಾಕು.

ನಾರ್ಕೊಂಡಮ್ ಮಂಗಟ್ಟೆಯನ್ನು ಅನೇಕರು ಕೇಳುತ್ತಾರೆ. ಅದು ಪುಟ್ಟ ನಾರ್ಕೊಂಡಮ್ ದ್ವೀಪದಲ್ಲಿ ಮಾತ್ರ ಇದೆ, ಅಲ್ಲಿಗೆ ಸಾಮಾನ್ಯ ಪ್ರವಾಸಿಗರಿಗೆ ಪ್ರವೇಶವಿಲ್ಲ. ಮಂಗಟ್ಟೆ ನೋಡುವ ಆಸೆಗೆ ನಮಗೆ ದಾಂಡೇಲಿ ಇದೆ.

ಹೋಗಬಾರದ ಕಡೆ, ತೆಗೆಯಬಾರದ ವಸ್ತು

ಅಂಡಮಾನ್‌ನ ಪ್ರವಾಸಿ ದ್ವೀಪಗಳಿಗೆ ಭಾರತೀಯರಿಗೆ ಪರವಾನಗಿ ಬೇಡ. ನಿಕೋಬಾರ್ ಮತ್ತು ಬುಡಕಟ್ಟು ಮೀಸಲು ಪ್ರದೇಶಗಳಿಗೆ 1956ರ ಮೂಲನಿವಾಸಿ ರಕ್ಷಣಾ ನಿಯಮದಡಿ ವಿಶೇಷ ಪಾಸ್ ಬೇಕು, ಪ್ರವಾಸಕ್ಕೆಂದು ಅದು ಸಿಗುವಂಥದ್ದಲ್ಲ. ಬಾರಾತಾಂಗ್ ಗುಹೆಗಳಿಗೆ ಹೋಗುವ ರಸ್ತೆ ಜಾರವಾ ಜನರ ಕಾಡಿನ ನಡುವೆಯೇ ಸಾಗುತ್ತದೆ. ಅಲ್ಲಿ ಫೋಟೊ ತೆಗೆಯುವುದು, ವಾಹನ ನಿಲ್ಲಿಸುವುದು, ತಿಂಡಿ ಕೊಡುವುದು ಅಪರಾಧ. ಆ ರಸ್ತೆಯಲ್ಲಿ ಹೋಗುವ ಎಷ್ಟೋ ವಾಹನಗಳಲ್ಲಿ ಮನುಷ್ಯರನ್ನು ನೋಡುವ ಕುತೂಹಲವೇ ಕೂತಿರುತ್ತದೆ. ನಾವು ಆ ದಾರಿ ಹಿಡಿಯುವುದಿಲ್ಲ, ನೀವೂ ಬಿಡಿ ಎಂದೇ ನನ್ನ ಕೋರಿಕೆ.

ಉಪ್ಪುನೀರಿನ ಮೊಸಳೆ ಇಲ್ಲಿ ಕಡಲಿನಲ್ಲೂ ಈಜುತ್ತದೆ. 2010ರಲ್ಲಿ ಇದೇ ಸ್ವರಾಜ್ ದ್ವೀಪದಲ್ಲಿ ಸ್ನಾರ್ಕೆಲ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಕಾಂಡ್ಲ ಕಾಡಿನ ತೊರೆ ಕಡಲಿಗೆ ಸೇರುವಲ್ಲಿ, ಮುಸ್ಸಂಜೆಯಲ್ಲಿ ನೀರಿಗಿಳಿಯಬೇಡಿ. ಎಚ್ಚರಿಕೆಯ ಫಲಕ ಇದ್ದಲ್ಲಿ ಜನ ಈಜುತ್ತಿದ್ದರೂ ನೀವು ಈಜಬೇಡಿ.

ದಡದಲ್ಲಿ ಬಿದ್ದ ಹವಳದ ಚೂರು, ಚಿಪ್ಪು ಏನನ್ನೂ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದ ರಕ್ಷಣೆ ಇದೆ, ಹುಲಿಗಿರುವಂಥದ್ದೇ. ಮಕ್ಕಳಿಗೆಂದು ಎತ್ತಿಕೊಂಡ ಖಾಲಿ ಚಿಪ್ಪಿನೊಳಗೆ ಸನ್ಯಾಸಿ ಏಡಿಯೂ ಇರಬಹುದು.

ದಿನಗಳ ಜೋಡಣೆ

ಎಂಟು ದಿನ ಸಿಕ್ಕರೆ ಮೊದಲ ದಿನ ಪ್ರಯಾಣ, ಮುಂದಿನ ಮೂರು ದಿನ ಸ್ವರಾಜ್ ದ್ವೀಪದಲ್ಲಿ ಡೈವಿಂಗ್, ಐದನೆಯ ದಿನ ಶಹೀದ್ ದ್ವೀಪಕ್ಕೆ. ಅಲ್ಲಿನ ಕಡಲಹುಲ್ಲಿನ ಬಯಲಿನಲ್ಲಿ ಡುಗಾಂಗ್ ಕಂಡವರಿದ್ದಾರೆ. ಅಂಡಮಾನ್ ನಿಕೋಬಾರ್‌ನ ರಾಜ್ಯಪ್ರಾಣಿ ಅದು. ಆರನೆಯ ದಿನ ಬೆಳಿಗ್ಗೆ ಕೊನೆಯ ಡೈವ್, ಮಧ್ಯಾಹ್ನ ಪೋರ್ಟ್ ಬ್ಲೇರ್‌ಗೆ ವಾಪಸು. ಏಳನೆಯ ದಿನ ಸಿಪ್ಪಿಘಾಟ್, ಚಿಡಿಯಾ ಟಾಪು. ಎಂಟನೆಯ ದಿನ ಊರಿಗೆ. ಆರೇ ದಿನ ಇದ್ದರೆ ಶಹೀದ್ ದ್ವೀಪವನ್ನೂ ಒಂದು ಡೈವಿಂಗ್ ದಿನವನ್ನೂ ಬಿಡಿ, ಪೋರ್ಟ್ ಬ್ಲೇರ್‌ನ ಪೂರ್ತಿ ದಿನವನ್ನು ಬಿಡಬೇಡಿ. ಗಾಳಿ ಎದ್ದರೆ ದೋಣಿಗಳು ರದ್ದಾಗುತ್ತವೆ, ಅದಕ್ಕೆ ಯಾರನ್ನೂ ದೂರಿ ಫಲವಿಲ್ಲ; ಆಗ ವಿಮಾನ ತಪ್ಪದಂತೆ ಕಾಯುವುದು ಇದೇ ದಿನ. ಹಾಗೇನಾದರೂ ಆಗಿ ಆ ದಿನ ದೋಣಿ ಕಾಯುವುದರಲ್ಲೇ ಹೋಯಿತೆಂದರೆ, ಮಧ್ಯಾಹ್ನದ ವಿಮಾನವಿದ್ದವರಿಗೆ ಎಂಟನೆಯ ದಿನದ ಮುಂಜಾನೆ ಇನ್ನೂ ಕೈಯಲ್ಲಿರುತ್ತದೆ. ನಾಲ್ಕೂವರೆಗೆ ಟ್ಯಾಕ್ಸಿ ಹತ್ತಿದರೆ ಸಿಪ್ಪಿಘಾಟ್ ನೋಡಿಕೊಂಡು, ಹೋಟೆಲಿಗೆ ಬಂದು ಸ್ನಾನ ತಿಂಡಿ ಮುಗಿಸಿ, ಸಾವಕಾಶವಾಗಿ ವಿಮಾನ ನಿಲ್ದಾಣ ಸೇರಬಹುದು.